ಗೋಡೆಯೊಳಗಿನ ನಾಟಕ: ವಾರ್ಸಾದಿಂದ ಬೆಂಗಳೂರು ಜೈಲಿನವರೆಗೆ

ಕಳೆದ ಜೂನ್ ತಿಂಗಳ ಒಂದು ಭಾನುವಾರ. ವಾಕಡ್‌ನ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಹನ್ನೊಂದು ಮಕ್ಕಳು, ಐದಾರು ಅಪ್ಪ-ಅಮ್ಮಂದಿರು, ಒಂದು ದೊಡ್ಡ ಡಬ್ಬಿ ಚುರುಮುರಿ. ಈ ಸಲ ರಾಜ್ಯೋತ್ಸವಕ್ಕೆ ಮಕ್ಕಳಿಂದ ಒಂದು ನಾಟಕ ಮಾಡಿಸೋಣ ಎಂದು ನಾವು ಕೆಲವು ಕನ್ನಡದ ಮನೆಗಳವರು ಮಾತಾಡಿಕೊಂಡಿದ್ದೆವು. ಪ್ರತಿವರ್ಷ ಅದೇ ನಾಲ್ಕು ಹಾಡು, ಅದೇ ಒನಕೆ ಓಬವ್ವನ ವೇಷ, ಕೊನೆಗೆ ಬಿಸಿಬೇಳೆ ಭಾತ್. ಬಿಸಿಬೇಳೆ ಭಾತಿನ ಬಗ್ಗೆ ನನ್ನ ತಕರಾರಿಲ್ಲ, ಉಳಿದದ್ದು ಸಾಕಾಗಿತ್ತು.

ನಾಟಕ ಆರಿಸಿದವನು ನಾನು. ರವೀಂದ್ರನಾಥ ಠಾಕೂರರ 'ಡಾಕ್ ಘರ್', ನಮ್ಮ ಕನ್ನಡದಲ್ಲಿ 'ಅಂಚೆಮನೆ'. ಮಕ್ಕಳ ಪಾತ್ರಗಳಿವೆ, ಸೆಟ್ಟಿನ ಖರ್ಚಿಲ್ಲ, ಒಂದು ಕಿಟಕಿ ಸಿಕ್ಕರೆ ಸಾಕು. ಕತೆ ಗೊತ್ತಿಲ್ಲದವರಿಗೆ ಎರಡು ಮಾತು: ಅಮಲ್ ಎಂಬ ಸಾಕುಮಗ ಕಾಯಿಲೆ ಬಿದ್ದಿದ್ದಾನೆ. ಗಾಳಿ ಬಿಸಿಲು ತಾಗಬಾರದು ಎಂದು ವೈದ್ಯರು ಅವನನ್ನು ಮನೆಯೊಳಗೇ ಇಡಿಸಿದ್ದಾರೆ. ಹುಡುಗ ಕಿಟಕಿಯ ಬಳಿ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾನೆ. ಮೊಸರು ಮಾರುವವನು, ಕಾವಲುಗಾರ, ಹೂ ಕೊಯ್ಯುವ ಹುಡುಗಿ ಸುಧಾ, ಆಡಲು ಹೊರಟ ಹುಡುಗರು. ಎದುರಿಗೆ ಹೊಸದಾಗಿ ರಾಜನ ಅಂಚೆಮನೆ ಬಂದಿದೆ, ಒಂದು ದಿನ ತನಗೂ ರಾಜನಿಂದ ಕಾಗದ ಬರುತ್ತದೆ ಎಂದು ಅವನು ಕಾಯುತ್ತಾನೆ. ಊರಗೌಡ ಖಾಲಿ ಹಾಳೆ ತಂದು ಇದೇ ಕಾಗದ ಎಂದು ಗೇಲಿ ಮಾಡುತ್ತಾನೆ. ಕೊನೆಗೆ ರಾಜವೈದ್ಯ ನಿಜವಾಗಿಯೂ ಬರುತ್ತಾನೆ, ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾನೆ. ಅಮಲ್ ನಿದ್ದೆಗೆ ಜಾರುತ್ತಾನೆ. ಅಷ್ಟೇ.

ಅಮಲ್ ಪಾತ್ರಕ್ಕೆ ಒಬ್ಬ ಒಂಬತ್ತು ವರ್ಷದ ಹುಡುಗ ಸಿಕ್ಕಿದ್ದ. ಗುಂಡನೆಯ ಮುಖ, ಹಿಡಿದ ಮಾತು ಬಿಡದ ನೆನಪಿನ ಶಕ್ತಿ. ಓದು ಮುಗಿದ ಮೇಲೆ ಅವನ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಅವರೂ ಧಾರವಾಡದ ಕಡೆಯವರು.

"ಅಣ್ಣಾರ, ಕಡೀಕ ಆ ಹುಡುಗ ಸಾಯ್ತಾನಲ್ರೀ?"

"ಸಾಯ್ತಾನ ಅಂತ ಎಲ್ಲೂ ಬರಂಗಿಲ್ರಿ. ನಿದ್ದಿ ಹತ್ತತೈತಿ, ಅಷ್ಟ."

"ನಿಮಗ ಗೊತ್ತದ, ನನಗ ಗೊತ್ತದ. ಅವಗೂ ಗೊತ್ತಾಗ್ತದ. ನಮ್ಮ ಹುಡುಗಗ ಈ ಪಾರ್ಟು ಬ್ಯಾಡ್ರಿ."

ಅವರ ಮನೆಯ ಸಂಗತಿ ನನಗೆ ಆಮೇಲೆ ನೆನಪಾಯಿತು. 2021ರ ಏಪ್ರಿಲ್‌ನಲ್ಲಿ ಅವರ ಮಾವನವರು ಆಂಬುಲೆನ್ಸಿನಲ್ಲಿ ಹೋದವರು ತಿರುಗಿ ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಪಾಸಿಟಿವ್. ಆಗ ಐದು ವರ್ಷದ ಈ ಹುಡುಗ ಮೂರನೇ ಮಹಡಿಯ ಕಿಟಕಿಯ ಸರಳು ಹಿಡಿದು ಅಜ್ಜನಿಗೆ ಕೈಬೀಸಿದ್ದನ್ನು ಕೆಳಗಿನಿಂದ ನೋಡಿದವರಲ್ಲಿ ನಾನೂ ಒಬ್ಬ. ನಾಟಕ ಆರಿಸುವಾಗ ಇದು ನನ್ನ ತಲೆಗೇ ಬಂದಿರಲಿಲ್ಲ.

ಆ ರಾತ್ರಿ ನಾಚಿಕೆಯಿಂದಲೋ ಹಟದಿಂದಲೋ, ಈ ನಾಟಕವನ್ನು ಬೇರೆ ಯಾರು ಯಾರು ಮಕ್ಕಳಿಂದ ಆಡಿಸಿದ್ದಾರೆ ಎಂದು ಹುಡುಕಲು ಕೂತೆ. ಹಾಗೆ ಹೋಗಿ ಮುಟ್ಟಿದ್ದು 1942ರ ವಾರ್ಸಾ ನಗರವನ್ನು.

ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಯಾನುಷ್ ಕೋರ್ಚಾಕ್ ಎಂಬ ವೈದ್ಯರಿದ್ದರು. ಹುಟ್ಟುಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ಮಕ್ಕಳಿಗಾಗಿ ಕತೆ ಬರೆದು ದೇಶಕ್ಕೆಲ್ಲ ಹೆಸರಾದವರು, ರೇಡಿಯೋದಲ್ಲಿ ಮಾತಾಡುತ್ತಿದ್ದವರು. 1912ರಿಂದ ಯಹೂದಿ ಅನಾಥ ಮಕ್ಕಳ ಮನೆಯೊಂದನ್ನು ನಡೆಸುತ್ತಿದ್ದರು. ಅಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು. 1940ರ ನವೆಂಬರಿನಲ್ಲಿ ನಾಜಿಗಳು ಊರಿನ ಯಹೂದಿಗಳನ್ನೆಲ್ಲ ಒಂದು ಮೂಲೆಗೆ ತುರುಕಿ ಸುತ್ತ ಗೋಡೆ ಎತ್ತಿದಾಗ ಕೋರ್ಚಾಕ್ ತಮ್ಮ ಮಕ್ಕಳೊಂದಿಗೆ ಒಳಗೆ ಹೋದರು. ಸುಮಾರು ಮೂರೂವರೆ ಚದರ ಕಿಲೋಮೀಟರಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಹಸಿವು, ಟೈಫಸ್, ಬೀದಿಯಲ್ಲಿ ಹೆಣ. ಅರವತ್ತು ದಾಟಿದ ಕೋರ್ಚಾಕ್ ದಿನಾ ಚೀಲ ಹಿಡಿದು ಮಕ್ಕಳಿಗೆ ಆಹಾರ ಬೇಡಲು ಹೊರಡುತ್ತಿದ್ದರು.

ಅಲ್ಲಿ, 1942ರ ಜುಲೈ 18ರಂದು, ಆ ಮನೆಯ ಮಕ್ಕಳು 'ಡಾಕ್ ಘರ್' ಆಡಿದರು. ಎಸ್ತೆರ್ಕಾ ವಿನೊಗ್ರೋನ್ ಎಂಬ ತರುಣಿ ಆಡಿಸಿದ್ದು. ಠಾಕೂರರು ನಾಜಿಗಳಿಗೆ ಬೇಡವಾಗಿದ್ದ ಕವಿ. ಇದೇ ನಾಟಕ ಏಕೆ ಎಂದು ಕೇಳಿದವರಿಗೆ, ಮಕ್ಕಳು ಸಾವನ್ನು ಅಂಜದೆ ಎದುರುಗೊಳ್ಳುವುದನ್ನು ಕಲಿಯಬೇಕಾಗಿದೆ ಎಂಬರ್ಥದ ಮಾತನ್ನು ಕೋರ್ಚಾಕ್ ಹೇಳಿದರೆಂದು ಅವರ ಬಗ್ಗೆ ಬರೆದವರು ದಾಖಲಿಸಿದ್ದಾರೆ. ನಾಲ್ಕು ದಿನ ಕಳೆದು, ಜುಲೈ 22ಕ್ಕೆ, ವಾರ್ಸಾದಿಂದ ಟ್ರೆಬ್ಲಿಂಕಾಕ್ಕೆ ರೈಲು ಹೊರಡಲು ಶುರುವಾಯಿತು. ಅಲ್ಲಿಂದ ಸುಮಾರು 80 ಕಿಲೋಮೀಟರು. ಇಲ್ಲಿ ಪುಣೆ ಸ್ಟೇಷನ್ನಿನಿಂದ ಖಂಡಾಲಾ ಘಾಟ್ ದಾಟಿ ಇಳಿದಷ್ಟು ದೂರ. ಎರಡು ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಹಾಗೆ ಒಯ್ದರು. ಆಗಸ್ಟ್ ಮೊದಲ ವಾರದಲ್ಲಿ ಅನಾಥ ಮನೆಯ ಸರದಿ ಬಂತು. ಸುಮಾರು ಇನ್ನೂರು ಮಕ್ಕಳು ಸಾಲಾಗಿ ನಡೆದರು. ತಪ್ಪಿಸಿಕೊಳ್ಳಲು ಕೋರ್ಚಾಕರಿಗೆ ಅವಕಾಶಗಳಿದ್ದವು, ಅವರು ಒಪ್ಪಲಿಲ್ಲ. ಮಕ್ಕಳ ಜೊತೆ ರೈಲು ಹತ್ತಿದರು. ಅವರ ಸಹೋದ್ಯೋಗಿ ಸ್ತೆಫಾನಿಯಾ ವಿಲ್‌ಚಿನ್ಸ್ಕಾ ಕೂಡ. ಯಾರೂ ಹಿಂತಿರುಗಲಿಲ್ಲ.

ಠಾಕೂರರು ತೀರಿಕೊಂಡದ್ದು 1941ರ ಆಗಸ್ಟ್ 7ರಂದು. ತಮ್ಮ ಅಮಲ್ ಹೀಗೆ ಒಂದು ಗೋಡೆಯೊಳಗೆ ಹೊಕ್ಕ ಸುದ್ದಿ ಅವರಿಗೆ ತಿಳಿಯಲೇ ಇಲ್ಲ.

ಇದನ್ನು ಓದಿ ಮುಗಿಸಿದಾಗ ಗಂಟೆ ಎರಡಾಗಿತ್ತು. ನನಗೆ ಮೊದಲು ಅನ್ನಿಸಿದ್ದು, ನೋಡಿ, ಇಂಥ ಕಡೆಯೇ ಆಡಿದ್ದಾರೆ, ನಾವು ಆಡಿದರೇನು ಎಂದು. ಬೆಳಿಗ್ಗೆ ಆ ತಾಯಿಗೆ ಹೇಳಿ ಒಪ್ಪಿಸಬಹುದು ಎಂದೂ ಅಂದುಕೊಂಡೆ. ಚಹಾ ಕುಡಿಯುವಷ್ಟರಲ್ಲಿ ಆ ಯೋಚನೆಯ ಪೆದ್ದುತನ ಗೊತ್ತಾಯಿತು. ಕೋರ್ಚಾಕ್ ಆ ಮಕ್ಕಳ ಜೊತೆ ಮೂವತ್ತು ವರ್ಷ ಬಾಳಿದ ಮನೆಯ ಹಿರಿಯ, ಅವರೊಂದಿಗೇ ಹೋದವರು. ನಾನು ಭಾನುವಾರ ಎರಡು ತಾಸು ನಾಟಕ ಮಾಡಿಸುವ ಸಾಫ್ಟ್‌ವೇರ್ ಮನುಷ್ಯ.

ಆದರೆ ಹುಡುಕಾಟ ನಿಲ್ಲಲಿಲ್ಲ. ಸಾಯಿಸಲೆಂದೇ ಕೂಡಿಹಾಕಿದ ಜಾಗದಲ್ಲಿ ಜನ ಯಾಕೆ ನಾಟಕ ಆಡುತ್ತಾರೆ? ಅದನ್ನು ಆಡಲು ಬಿಟ್ಟವರು ಯಾಕೆ ಬಿಟ್ಟರು? ಈ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಷ್ಟದ್ದು.

ಪ್ರಾಗ್ ನಗರದಿಂದ ಉತ್ತರಕ್ಕೆ ಟೆರೆಜಿನ್ ಎಂಬ ಕೋಟೆಯೂರಿದೆ. ಹದಿನೆಂಟನೆಯ ಶತಮಾನದ ಕೊನೆಗೆ ಕಟ್ಟಿದ್ದು. ಯುದ್ಧಕ್ಕೆ ಮೊದಲು ಸೈನಿಕರೂ ಸೇರಿ ಏಳು ಸಾವಿರ ಜನ ಇದ್ದ ಊರಿಗೆ 1941ರ ನವೆಂಬರಿನಿಂದ ಯಹೂದಿಗಳನ್ನು ತಂದು ತುಂಬಿದರು. 1942ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ 58 ಸಾವಿರ ಜನ. ಒಟ್ಟು ಸುಮಾರು 1 ಲಕ್ಷ 40 ಸಾವಿರ ಮಂದಿ ಆ ಕೋಟೆಯನ್ನು ಹೊಕ್ಕರು. 33 ಸಾವಿರದಷ್ಟು ಜನ ಅಲ್ಲೇ ಸತ್ತರು, 90 ಸಾವಿರದ ಹತ್ತಿರ ಜನರನ್ನು ಔಷ್ವಿಟ್ಜ್ ಮುಂತಾದ ಕಡೆ ಸಾಗಿಸಿದರು. ಪ್ರಾಗ್, ಬರ್ಲಿನ್, ವಿಯೆನ್ನಾದ ಸಂಗೀತಗಾರರು, ನಟರು, ಚಿತ್ರಕಾರರು ಅಲ್ಲಿ ಒಟ್ಟಿಗೆ ಬಂದು ಬಿದ್ದಿದ್ದರಿಂದ ಅಟ್ಟಗಳಲ್ಲಿ, ನೆಲಮಾಳಿಗೆಗಳಲ್ಲಿ ಕದ್ದುಮುಚ್ಚಿ ಹಾಡು-ನಾಟಕ ಆರಂಭವಾಯಿತು. ಆಮೇಲೆ ಅಧಿಕಾರಿಗಳೇ ಅನುಮತಿ ಕೊಟ್ಟರು. ಬಿಡುವಿನ ವೇಳೆಯ ಚಟುವಟಿಕೆ ಎಂಬ ಹೆಸರಿನ ಇಲಾಖೆಯೂ ಬಂತು!

ಅಲ್ಲಿ ಆಡಿದವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು 'ಬ್ರುಂಡಿಬಾರ್' ಎಂಬ ಮಕ್ಕಳ ಗೀತನಾಟಕ. ಹಾನ್ಸ್ ಕ್ರಾಸಾ ಸಂಗೀತ, ಆಡೊಲ್ಫ್ ಹೊಫ್‌ಮೈಸ್ಟರ್ ಸಾಹಿತ್ಯ, ಬರೆದದ್ದು 1938ರಲ್ಲಿ. ಅಮ್ಮನಿಗೆ ಹುಷಾರಿಲ್ಲ, ಹಾಲು ಬೇಕು, ದುಡ್ಡಿಲ್ಲ. ಅಣ್ಣ-ತಂಗಿ ಸಂತೆಯಲ್ಲಿ ಹಾಡಿ ದುಡ್ಡು ಕೂಡಿಸಲು ಹೋದರೆ ಬ್ರುಂಡಿಬಾರ್ ಎಂಬ ಪೆಟ್ಟಿಗೆ ವಾದ್ಯದವನು ಅವರನ್ನು ಓಡಿಸುತ್ತಾನೆ. ಗುಬ್ಬಿ, ಬೆಕ್ಕು, ನಾಯಿ ಮತ್ತು ಊರಿನ ಮಕ್ಕಳೆಲ್ಲ ಸೇರಿ ಅವನ ಸೊಕ್ಕು ಮುರಿಯುತ್ತಾರೆ. 1943ರ ಸೆಪ್ಟೆಂಬರ್ 23ರಂದು ಟೆರೆಜಿನ್ನಿನಲ್ಲಿ ಮೊದಲ ಆಟ. ಅಲ್ಲಿಂದ ಮುಂದೆ 55 ಆಟಗಳಾದವು. ಮೀಸೆಯ ಬ್ರುಂಡಿಬಾರ್ ಯಾರೆಂದು ನೋಡಿದ ಎಲ್ಲರಿಗೂ ತಿಳಿಯುತ್ತಿತ್ತು. ಬೆಕ್ಕಿನ ಪಾತ್ರ ಮಾಡಿದ ಎಲಾ ಸ್ಟೈನ್ ಬದುಕಿ ಉಳಿದು, ಅಮೆರಿಕದಲ್ಲಿ ನೆಲೆಸಿ, ಮುಪ್ಪಿನ ತನಕ ಶಾಲೆಗಳಿಗೆ ಹೋಗಿ ಈ ಕತೆ ಹೇಳುತ್ತಿದ್ದರು. ಆಕೆ ಪ್ರತಿಸಲ ಹೇಳುತ್ತಿದ್ದ ಒಂದು ವಿವರ ನನಗೆ ಅಂಟಿಕೊಂಡಿದೆ: ರಂಗದ ಮೇಲಿದ್ದಷ್ಟು ಹೊತ್ತು ಎದೆಯ ಮೇಲಿನ ಹಳದಿ ನಕ್ಷತ್ರ ಹಾಕಬೇಕಿರಲಿಲ್ಲ.

ನಮ್ಮ ಹನ್ನೊಂದು ಮಕ್ಕಳಲ್ಲಿ ಒಬ್ಬನಿಗೆ ಜ್ವರ ಬಂದರೆ, ಇನ್ನೊಬ್ಬಳಿಗೆ ಅಬಾಕಸ್ ಪರೀಕ್ಷೆ ಬಂದರೆ ತಾಲೀಮು ಹದಗೆಡುತ್ತದೆ. ಅಲ್ಲಿ ಪೂರ್ವಕ್ಕೆ ರೈಲು ಹೊರಟಾಗಲೆಲ್ಲ ಹಾಡುವ ಮಕ್ಕಳೇ ಇಲ್ಲವಾಗುತ್ತಿದ್ದರು. ಅವರ ಜಾಗಕ್ಕೆ ಹೊಸಬರನ್ನು ಹುಡುಕಿ ಕಲಿಸುತ್ತಿದ್ದರು. ರಾಫೇಲ್ ಶೆಖ್ಟರ್ ಎಂಬ ಸಂಗೀತಗಾರ ಒಂದೇ ಒಂದು ಪುಸ್ತಕ ಇಟ್ಟುಕೊಂಡು, ಬಾಯಿಪಾಠ ಮಾಡಿಸಿ, ನೂರೈವತ್ತು ಜನರಿಂದ ವೆರ್ಡಿಯ 'ರೆಕ್ವಿಯಂ' ಹಾಡಿಸಿದ. ಕಲಿತವರನ್ನು ಒಯ್ದರು, ಮತ್ತೆ ಕಲಿಸಿದ, ಅವರನ್ನೂ ಒಯ್ದರು, ಮತ್ತೂ ಕಲಿಸಿದ. ಹದಿನಾರು ಸಲ ಹಾಡಿದರು.

ಜೈಲಿನಲ್ಲಿ ಬರೆಯುವುದು ನಮಗೆ ಹೊಸದಲ್ಲ. ಪುಣೆಯಲ್ಲಿರುವವರಿಗೆ ತಿಲಕರು ಮಂಡಾಲೆಯಲ್ಲಿ ಗೀತಾರಹಸ್ಯ ಬರೆದದ್ದು, ಸಾನೆ ಗುರೂಜಿ ನಾಸಿಕ ಜೈಲಿನಲ್ಲಿ 'ಶ್ಯಾಮಚಿ ಆಯಿ' ಬರೆದದ್ದು ಮರಾಠಿ ಗೆಳೆಯರ ಬಾಯಿಂದಲೇ ಕೇಳಿ ಗೊತ್ತು. ಬರೆಯಲು ಒಬ್ಬ ಸಾಕು. ನಾಟಕಕ್ಕೆ ಎದುರಿಗೆ ಇನ್ನೊಬ್ಬ ಬೇಕು, ನಾಳೆಯೂ ಅವನು ಬರುತ್ತಾನೆಂಬ ಭರವಸೆ ಬೇಕು. ಇಲ್ಲದ ಆ ಭರವಸೆಯ ಮೇಲೆ ದಿನದಿನವೂ ತಾಲೀಮು ಮಾಡಿದರು ಎಂಬುದೇ ನನಗೆ ನಂಬಲಾಗದ ಸಂಗತಿ.

ಇನ್ನು ಬಿಟ್ಟವರು ಯಾಕೆ ಬಿಟ್ಟರು ಎಂಬುದು. 1944ರ ಜೂನ್ 23ರಂದು ಅಂತಾರಾಷ್ಟ್ರೀಯ ರೆಡ್‌ಕ್ರಾಸಿನ ಪ್ರತಿನಿಧಿ ಮತ್ತು ಡೆನ್ಮಾರ್ಕಿನ ಅಧಿಕಾರಿಗಳು ಟೆರೆಜಿನ್ ನೋಡಲು ಬಂದರು. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಗೋಡೆಗಳಿಗೆ ಬಣ್ಣ, ಗುಲಾಬಿ ಗಿಡ, ಹುಸಿ ಅಂಗಡಿ, ಹುಸಿ ಬ್ಯಾಂಕು. ಊರು ಕಿಕ್ಕಿರಿದಂತೆ ಕಾಣಬಾರದೆಂದು ಮೇ ತಿಂಗಳಲ್ಲೇ 7,500 ಜನರನ್ನು ಔಷ್ವಿಟ್ಜ್‌ಗೆ ಕಳಿಸಿದ್ದರು. ಅತಿಥಿಗಳಿಗೆ ತೋರಿಸಿದವುಗಳಲ್ಲಿ 'ಬ್ರುಂಡಿಬಾರ್' ಕೂಡ ಒಂದು. ಇದನ್ನು ಓದುವಾಗ ನಮ್ಮ ಆಫೀಸಿಗೆ ಕ್ಲೈಂಟ್ ಬರುವ ದಿನ ನೆನಪಾಯಿತು: ಹೊಸ ಕುಂಡ, ಬೋರ್ಡಿನ ಮೇಲೆ ಬಣ್ಣದ ಚೀಟಿ, ಇಲ್ಲದ ಉತ್ಸಾಹ. ಮರುಕ್ಷಣ ಆ ಹೋಲಿಕೆಗೆ ನಾಚಿಕೆಯಾಯಿತು. ಆದರೂ ಅದನ್ನು ಇಲ್ಲಿ ಹೇಳುತ್ತಿದ್ದೇನೆ, ಯಾಕೆಂದರೆ ನೋಡಲು ಬಂದವರಿಗೆ ನೋಡಬೇಕಾದಷ್ಟೇ ನೋಡಿ ಹೋಗುವುದು ಎಷ್ಟು ಸಲೀಸು ಎಂಬುದು ನನಗೆ ಹಾಗೆಯೇ ಅರ್ಥವಾದದ್ದು. ರೆಡ್‌ಕ್ರಾಸಿನ ಮೋರಿಸ್ ರೋಸೆಲ್ ಒಳ್ಳೆಯ ವರದಿಯನ್ನೇ ಬರೆದ. 1979ರಲ್ಲಿ ಚಿತ್ರನಿರ್ದೇಶಕ ಕ್ಲೋಡ್ ಲಾಂಜ್ಮನ್ ಕ್ಯಾಮೆರಾ ಮುಂದೆ ಕೇಳಿದಾಗಲೂ ತನ್ನ ವರದಿಯನ್ನು ಅವನು ಹಿಂದೆಗೆದುಕೊಳ್ಳಲಿಲ್ಲ.

ಆ ಬೇಸಿಗೆಯ ಕೊನೆಗೆ ಅದೇ ಊರಿನಲ್ಲಿ ಒಂದು ಪ್ರಚಾರ ಚಿತ್ರ ತೆಗೆದರು. ನಿರ್ದೇಶನಕ್ಕೆ ಹಚ್ಚಿದ್ದು ಕೈದಿ ಕುರ್ಟ್ ಗೆರೋನ್‌ನನ್ನು. 1928ರಲ್ಲಿ ಬ್ರೆಕ್ಟನ 'ತ್ರೀ ಪೆನ್ನಿ ಆಪೆರಾ'ದ ಮೊದಲ ಪ್ರಯೋಗದಲ್ಲಿ ಇದ್ದ ನಟ ಆತ. 'ಬ್ಲೂ ಏಂಜೆಲ್' ಸಿನೆಮಾದಲ್ಲಿ ಮಾರ್ಲೀನ್ ಡೀಟ್ರಿಚ್ ಜೊತೆ ನಟಿಸಿದವನು. ಚಿತ್ರೀಕರಣ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಔಷ್ವಿಟ್ಜ್‌ಗೆ ಹೋದ ಕೊನೆಯ ರೈಲಿನಲ್ಲಿ ಅವನನ್ನು ಹತ್ತಿಸಿದರು. ಕ್ರಾಸಾ, ಶೆಖ್ಟರ್ ಅದಕ್ಕೆ ಕೆಲವು ದಿನ ಮೊದಲೇ ಹೋಗಿದ್ದರು. 'ಬ್ರುಂಡಿಬಾರ್'ನ ಮಕ್ಕಳಲ್ಲಿ ಬಹಳಷ್ಟು ಮಂದಿ ಕೂಡ.

ಅಂದರೆ ಅದೇ ಆಟ ಒಳಗಿನವರಿಗೆ ಒಂದು, ಹೊರಗಿನವರಿಗೆ ಇನ್ನೊಂದು. ಕಲೆ ಎಲ್ಲವನ್ನೂ ಗೆಲ್ಲುತ್ತದೆ ಎಂದು ಬರೆಯುವವರನ್ನು ಕಂಡರೆ ನನಗೆ ಈಗ ಸ್ವಲ್ಪ ಕಿರಿಕಿರಿಯಾಗುತ್ತದೆ. ಟೆರೆಜಿನ್ನಿನಲ್ಲಿ ಅದು ಯಾರನ್ನೂ ಉಳಿಸಲಿಲ್ಲ, ಕೊಲ್ಲುವವರಿಗೆ ಪರದೆಯೂ ಆಯಿತು. ಆದರೆ ಪರದೆ ಹಾಕಿದ್ದು ಹಾಡಿದ ಮಕ್ಕಳಲ್ಲ. ಅಷ್ಟನ್ನು ಬೇರ್ಪಡಿಸಿ ನೋಡಬೇಕು.

ಒಳಗಿದ್ದವರಿಗೇ ಈ ಇಕ್ಕಟ್ಟು ಚೆನ್ನಾಗಿ ಗೊತ್ತಿತ್ತು. ಕಾರೆಲ್ ಶ್ವೆಂಕ್ ಎಂಬ ವಿನೋದಗಾರ 'ಕೊನೆಯ ಸೈಕಲ್ ಸವಾರ' ಎಂಬ ಪ್ರಹಸನ ಬರೆದ. ಹುಚ್ಚಾಸ್ಪತ್ರೆಯ ರೋಗಿಗಳು ರಾಜ್ಯ ಹಿಡಿದು, ದೇಶದ ಕಷ್ಟಕ್ಕೆಲ್ಲ ಸೈಕಲ್ ಹೊಡೆಯುವವರೇ ಕಾರಣ ಎಂದು ಅವರನ್ನು ಬೇಟೆಯಾಡುವ ಕತೆ. ಅಂತಿಮ ತಾಲೀಮು ನೋಡಿದ ಯಹೂದಿ ಹಿರಿಯರ ಮಂಡಳಿಯೇ ಬೇಡ ಎಂದಿತು. ಜರ್ಮನರ ಕಣ್ಣಿಗೆ ಬಿದ್ದರೆ ಎಂಬ ಹೆದರಿಕೆ. ಸೈಕಲ್ಲಿನ ಊರೆಂದು ಹೆಸರಾಗಿದ್ದ ಪುಣೆಯಲ್ಲಿ ಕೂತು ಇದನ್ನು ಓದುವುದು ಬೇರೆಯೇ ಅನುಭವ. ವಿಕ್ಟರ್ ಉಲ್ಮನ್ ಮತ್ತು ಪೆಟರ್ ಕೀನ್ ಎಂಬಿಬ್ಬರು 'ಅಟ್ಲಾಂಟಿಸಿನ ಚಕ್ರವರ್ತಿ' ಎಂಬ ಗೀತನಾಟಕ ಕಟ್ಟಿದರು. ಚಕ್ರವರ್ತಿ ಎಲ್ಲರ ಮೇಲೂ ಯುದ್ಧ ಸಾರುತ್ತಾನೆ. ಸಾವು ಮುಷ್ಕರ ಹೂಡುತ್ತದೆ. ಯಾರೂ ಸಾಯುವುದಿಲ್ಲ, ರಾಜ್ಯ ನಡೆಯುವುದಿಲ್ಲ. 1944ರಲ್ಲಿ ತಾಲೀಮು ನಡೆಯಿತು, ಆಟವಾಗಲಿಲ್ಲ. ಬರೆದವರಿಬ್ಬರೂ ಔಷ್ವಿಟ್ಜ್‌ನಲ್ಲಿ ಸತ್ತರು. ಹಸ್ತಪ್ರತಿ ಉಳಿಯಿತು. ಮೊದಲ ಪ್ರಯೋಗ ಆದದ್ದು 1975ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ.

ಯಹೂದಿಗಳ ಕತೆ ನಮಗೆ ಯಾಕೆ, ಎಲ್ಲಿಯ ಪೋಲೆಂಡು ಎಲ್ಲಿಯ ಪುಣೆ ಎನ್ನುವವರಿಗೆ ಒಂದು ಮಾತು. ಕ್ಯಾಂಪಿಗೆ ಹೋದಾಗ ಕೆಂಪು ಇಟ್ಟಿಗೆಯ, ಎತ್ತರದ ಗೋಪುರದ ಕಟ್ಟಡ ನೋಡಿರುತ್ತೀರಿ. ಚರ್ಚ್ ಎಂದುಕೊಂಡಿರುತ್ತೀರಿ, ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ಅದು ಓಹೆಲ್ ಡೇವಿಡ್ ಸಿನಗಾಗ್, ಊರಿನವರ ಬಾಯಲ್ಲಿ ಲಾಲ್ ದೇವುಳ್. ಬಾಗ್ದಾದಿನಿಂದ ಕಿರುಕುಳ ತಾಳಲಾರದೆ ಓಡಿಬಂದ ಡೇವಿಡ್ ಸಸೂನ್ ಕಟ್ಟಿಸಿದ್ದು, 1867ರಲ್ಲಿ ಮುಗಿದದ್ದು. ಪುರಂದರ ಕೋಟೆಗೆ ಟ್ರೆಕ್ಕಿಂಗ್ ಹೋಗುವವರಿಗೂ ಒಂದು ಸಂಗತಿ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಅಲ್ಲಿ ಜರ್ಮನ್ ಪ್ರಜೆಗಳನ್ನು ಕೂಡಿಹಾಕಿದ್ದರು. ಅವರಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿ ನಿರಾಶ್ರಿತರೂ ಇದ್ದರು. ಪಾಸ್‌ಪೋರ್ಟ್ ಜರ್ಮನಿಯದು, ಆದ್ದರಿಂದ ಶತ್ರುಗಳು.

ಈಗ ನಮ್ಮ ಜೈಲುಗಳಿಗೆ ಬರುತ್ತೇನೆ. ನಾಜಿಗಳ ಕ್ಯಾಂಪಿಗೂ ನಮ್ಮ ಕಾರಾಗೃಹಕ್ಕೂ ಹೋಲಿಕೆ ಮಾಡುತ್ತಿಲ್ಲ, ಮಾಡಬಾರದು. ಅಲ್ಲಿ ಹುಟ್ಟಿದ್ದೇ ಅಪರಾಧ, ಕೊಲ್ಲುವುದೇ ಉದ್ದೇಶ. ಗೋಡೆಯೊಳಗೆ ನಾಟಕ ಏನು ಮಾಡುತ್ತದೆ ಎಂಬುದಷ್ಟೇ ನನ್ನ ಕುತೂಹಲ.

'ಸಂಸ್ಕಾರ' ಸಿನೆಮಾದ ಚಂದ್ರಿಯನ್ನು ನೋಡಿದವರು ಸ್ನೇಹಲತಾ ರೆಡ್ಡಿಯವರನ್ನು ಮರೆಯಲಾರರು. 1970ರ ಆ ಚಿತ್ರ ಅವರ ಪತಿ ಪಟ್ಟಾಭಿರಾಮ ರೆಡ್ಡಿಯವರದು. ಸಿನೆಮಾಕ್ಕೆ ಬರುವ ಮೊದಲೇ ಆಕೆ ರಂಗಭೂಮಿಯವರು, 'ಮದ್ರಾಸ್ ಪ್ಲೇಯರ್ಸ್' ತಂಡ ಕಟ್ಟಿದವರಲ್ಲಿ ಒಬ್ಬರು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಜಾರ್ಜ್ ಫರ್ನಾಂಡಿಸ್ ಅವರ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಬಂಧಿಸಿ, ಮೀಸಾ ಕಾಯಿದೆಯಡಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿಟ್ಟರು. ತೀವ್ರ ಉಬ್ಬಸದ ರೋಗಿ. ಒಳಗಿದ್ದ ಬಡ ಹೆಣ್ಣುಮಕ್ಕಳಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ, ಕೆಟ್ಟ ಊಟದ ವಿರುದ್ಧ ಜಗಳ ಮಾಡಿದರು. ಚಿಕ್ಕ ದಿನಚರಿಯೊಂದನ್ನು ಬರೆದಿಟ್ಟರು. ಎಂಟು ತಿಂಗಳಾದ ಮೇಲೆ, 1977ರ ಜನವರಿ 15ಕ್ಕೆ, ಪೆರೋಲ್ ಮೇಲೆ ಹೊರಬಿಟ್ಟರು. ಐದೇ ದಿನ. ಜನವರಿ 20ಕ್ಕೆ ತೀರಿಕೊಂಡರು, ವಯಸ್ಸು 44.

ಅದೇ ಜೈಲಿನ ಇನ್ನೊಂದು ಭಾಗದಲ್ಲಿ ಮಧು ದಂಡವತೆ ಇದ್ದರು. ರಾತ್ರಿಯ ಮೌನದಲ್ಲಿ ಆಕೆಯ ನರಳಾಟ ಕೇಳಿಸುತ್ತಿತ್ತೆಂದು ಆಮೇಲೆ ಬರೆದರು. ದಂಡವತೆಯವರ ಪತ್ನಿ ಪ್ರಮೀಳಾ ಅದೇ ಹೊತ್ತಿನಲ್ಲಿ ಇಲ್ಲಿ, ನಮ್ಮ ಯೆರವಡಾ ಜೈಲಿನಲ್ಲಿದ್ದರು. ಗಂಡ ಬೆಂಗಳೂರಿನಲ್ಲಿ, ಹೆಂಡತಿ ಪುಣೆಯಲ್ಲಿ. ಎರಡು ಜೈಲುಗಳ ನಡುವೆ ಪುಸ್ತಕ, ಸಂಗೀತ, ಕವಿತೆಗಳ ಬಗ್ಗೆ ಕಾಗದಗಳು ಓಡಾಡಿದವು, ಸೆನ್ಸಾರಿನ ಕಣ್ಣಿನಡಿಯಲ್ಲಿ. ಏರ್‌ಪೋರ್ಟಿಗೆ ಹೋಗುವಾಗ ಯೆರವಡಾದ ಆ ಕಲ್ಲುಗೋಡೆಯ ಪಕ್ಕ ಕ್ಯಾಬ್ ಹೋದಾಗ ಗಾಂಧಿ-ಅಂಬೇಡ್ಕರರ 1932ರ ಒಪ್ಪಂದ ನೆನಪಾಗುತ್ತಿತ್ತು. ಈಗ ಈ ಕಾಗದಗಳೂ ನೆನಪಾಗುತ್ತವೆ. ಅಂಚೆಮನೆ ಎಂದರೆ ಅದೂ ಅಲ್ಲವೇ.

ಸ್ನೇಹಲತಾ ಅವರಿದ್ದ ಜೈಲು ಈಗ ಫ್ರೀಡಂ ಪಾರ್ಕ್. ಕೈದಿಗಳ ಬ್ಯಾರಕ್ಕುಗಳನ್ನು ಒಂದಿಷ್ಟು ಉಳಿಸಿಕೊಂಡಿದ್ದಾರೆ. ಅಲ್ಲಿ ಬಯಲು ರಂಗಮಂದಿರವೂ ಇದೆ.

ನಿಜವಾಗಿ ಕೈದಿಗಳಿಂದಲೇ ನಾಟಕ ಆಡಿಸಿದ್ದು ಹುಲುಗಪ್ಪ ಕಟ್ಟಿಮನಿಯವರು. ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ನಟ. ತೊಂಬತ್ತರ ದಶಕದ ಕೊನೆಗೆ ಕರ್ನಾಟಕದ ಕಾರಾಗೃಹಗಳೊಳಗೆ ಹೋಗಿ, ಜೀವಾವಧಿ ಶಿಕ್ಷೆಯಾದವರನ್ನು ಕೂಡಿಸಿಕೊಂಡು ತಾಲೀಮು ಹಚ್ಚಿದರು. ಗಿರೀಶ ಕಾರ್ನಾಡರ 'ತಲೆದಂಡ' ಆಡಿಸಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬ್ರಾಹ್ಮಣ ಹುಡುಗಿ, ಸಮಗಾರ ಹುಡುಗನ ಮದುವೆಯಿಂದ ಎದ್ದ ರಕ್ತಪಾತದ ನಾಟಕ. ಎಚ್.ಎಸ್. ಶಿವಪ್ರಕಾಶರ 'ಮಾರನಾಯಕ' ಆಡಿಸಿದರು. ಅದು ಕನ್ನಡದ ಮ್ಯಾಕ್‌ಬೆತ್. ಪೊಲೀಸ್ ಕಾವಲಿನಲ್ಲಿ ಕೈದಿಗಳು ಹೊರಗೆ ಬಂದು ಊರಿನ ರಂಗಮಂದಿರಗಳಲ್ಲೂ ಪ್ರದರ್ಶನ ಕೊಟ್ಟರು.

ಯೋಚಿಸಿ ನೋಡಿ. ಕೊಲೆ ಮಾಡಿ ಶಿಕ್ಷೆ ಅನುಭವಿಸುತ್ತಿರುವವನು, ಕೊಲೆ ಮಾಡಿ ನಿದ್ದೆ ಕಳೆದುಕೊಂಡ ರಾಜನ ಪಾತ್ರ ಹಾಕುತ್ತಾನೆ. ಕೋರ್ಟಿನಲ್ಲಿ ವಕೀಲರು ಹೇಳಿಕೊಟ್ಟದ್ದನ್ನು ಮಾತ್ರ ಹೇಳಿದವನಿಗೆ ಇಲ್ಲಿ ಬೇರೆಯವನ ಹೆಸರಿನಲ್ಲಿ ಪೂರ್ತಿ ಹೇಳಲು ಸಿಗುತ್ತದೆ. ಅದರಿಂದ ಅವನು ಒಳ್ಳೆಯವನಾಗುತ್ತಾನೆ ಎಂದು ನಾನು ಹೇಳುವುದಿಲ್ಲ, ಸತ್ತವರ ಮನೆಯವರು ಆ ನಾಟಕಕ್ಕೆ ಚಪ್ಪಾಳೆ ತಟ್ಟಬೇಕೆಂದೂ ಇಲ್ಲ. ಇಲ್ಲಿಯೂ ಅದೇ ಹಳೆಯ ಪ್ರಶ್ನೆ ಇದೆ: ಜೈಲು ಇಲಾಖೆಗೆ ಇದು ಒಳ್ಳೆಯ ಹೆಸರು ತರುವ ಕಾರ್ಯಕ್ರಮ. ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಹಾಲೆಂಡಿನ ವೆಸ್ಟರ್‌ಬೋರ್ಕ್ ಕ್ಯಾಂಪಿನಲ್ಲೂ ಕಮಾಂಡೆಂಟ್ ಮುಂದಿನ ಸಾಲಿನಲ್ಲೇ ಕೂತು ಯಹೂದಿ ಕಲಾವಿದರ ವಿನೋದ ನೋಡಿ ನಗುತ್ತಿದ್ದ. ಮಂಗಳವಾರ ಬಂದರೆ ರೈಲು. ವ್ಯತ್ಯಾಸ ಅಗಾಧ: ನಮ್ಮಲ್ಲಿ ಆಟ ಮುಗಿದ ಮೇಲೆ ನಟ ಬ್ಯಾರಕ್ಕಿಗೆ ಮರಳಿ ಬದುಕಿರುತ್ತಾನೆ, ಒಂದು ದಿನ ಬಿಡುಗಡೆಯಾಗಿ ಮನೆಗೂ ಹೋಗುತ್ತಾನೆ.

ಕಟ್ಟಿಮನಿಯವರ ಮೈಸೂರಿನ 'ಸಂಕಲ್ಪ' ತಂಡ ಆಡಿದ ಇನ್ನೊಂದು ನಾಟಕ 'ಜತೆಗಿರುವನು ಚಂದಿರ'. ಜಯಂತ ಕಾಯ್ಕಿಣಿಯವರು ಕನ್ನಡಕ್ಕೆ ತಂದದ್ದು. ಮೂಲ 'ಫಿಡ್ಲರ್ ಆನ್ ದ ರೂಫ್', ಅದರ ಹಿಂದೆ ಷೋಲೆಮ್ ಅಲೈಖೆಮ್ ಯಿದ್ದಿಷ್ ಭಾಷೆಯಲ್ಲಿ ಬರೆದ ಹಾಲು ಮಾರುವ ಟೆವ್ಯೆಯ ಕತೆಗಳು. ರಷ್ಯಾದ ಚಕ್ರವರ್ತಿಯ ಆಳಿಕೆಯಲ್ಲಿ ಊರು ಬಿಡಬೇಕಾಗಿ ಬಂದ ಯಹೂದಿ ಸಂಸಾರ ಕಾಯ್ಕಿಣಿಯವರ ಕೈಯಲ್ಲಿ ದೇಶವಿಭಜನೆಯ ಕಾಲದ, ನಮ್ಮ ಕರಾವಳಿಯ ಒಂದು ಬಡ ಮುಸ್ಲಿಂ ಮನೆಯಾಗಿದೆ. ಹೆಣ್ಣುಮಕ್ಕಳ ಮದುವೆಯ ಚಿಂತೆ ಎರಡೂ ಕಡೆ ಒಂದೇ. ವಾರ್ಸಾದ ಗೋಡೆಯೊಳಗೆ ಜನ ಮನೆಯಲ್ಲಿ ಆಡುತ್ತಿದ್ದ ನುಡಿ ಆ ಯಿದ್ದಿಷ್. ಬಂಗಾಳದ ಅಮಲ್ ಅಲ್ಲಿಗೆ ಹೋದ, ಅವರ ಟೆವ್ಯೆ ಇಲ್ಲಿಗೆ ಬಂದ.

ಮುಂದಿನ ಭಾನುವಾರ ಆ ತಾಯಿಯನ್ನು ಕಂಡು, "ತಪ್ಪಾತ್ರಿ ಅಕ್ಕಾ, ಕೇಳದ ಪಾರ್ಟ್ ಕೊಟ್ಟೆ" ಅಂದೆ. ಕೋರ್ಚಾಕರ ಕತೆ ಹೇಳಲಿಲ್ಲ. ಅವರೇ ಕೇಳಿದರು, ನಾಟಕ ಬದಲಿಸ್ತೀರೇನ್ರಿ ಎಂದು. ಇಲ್ಲ, ಬದಲಿಸಲಿಲ್ಲ. ಹುಡುಗನನ್ನೇ ಕೇಳಿದೆವು, ನಿನಗೆ ಯಾವ ಪಾತ್ರ ಬೇಕು ಅಂತ. ಅವನು ಒಂದು ಕ್ಷಣವೂ ಯೋಚಿಸದೆ ಮೊಸರು ಮಾರುವವನ ಪಾತ್ರ ಕೇಳಿದ. "ಅವಂಗ ಹೊರಗ ಅಡ್ಡಾಡಾಕ ಸಿಗ್ತೈತಿ" ಅಂದ. ತಾಯಿ ಏನೂ ಹೇಳಲಿಲ್ಲ. ಅದರ ಮುಂದಿನ ವಾರ ಮನೆಯಿಂದ ಒಂದು ಹಳೆಯ ಹಿತ್ತಾಳೆ ಬಿಂದಿಗೆ, ತಲೆಗೆ ಸುತ್ತಲು ಮಾವನವರ ಕೆಂಪು ರುಮಾಲು ತಂದರು.

ಅಮಲ್ ಪಾತ್ರವನ್ನು ಸದ್ಯಕ್ಕೆ ನನ್ನ ಮಗಳು ಮಾಡುತ್ತಿದ್ದಾಳೆ. ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡಿದ್ದಾಳೆ, 'ಳ'ಕಾರ ಸರಿಯಾಗಿ ಬರುತ್ತದೆ, ಅದು ಮರಾಠಿಯ ಪುಣ್ಯ. ಕಿಟಕಿಯನ್ನು ಪಿಂಪ್ರಿಯ ಗುಜರಿ ಅಂಗಡಿಯಿಂದ ಮುನ್ನೂರು ರೂಪಾಯಿಗೆ ತಂದೆವು, ಒಂದು ಬಾಗಿಲಿನ ತಿರುಗಣಿ ಮುರಿದಿದೆ. ರಾಜವೈದ್ಯನ ಪಾತ್ರಕ್ಕೆ 12-13 ವರ್ಷದ ಒಬ್ಬ ಹುಡುಗನೋ ಹುಡುಗಿಯೋ ಇನ್ನೂ ಬೇಕು. ವಾಕಡ್, ಹಿಂಜವಡಿ, ಬಾಣೇರ್ ಕಡೆ ಇರುವವರು ಯಾರಾದರೂ ಇದ್ದರೆ ಭಾನುವಾರ ಸಂಜೆ ಐದಕ್ಕೆ ಕಳಿಸಿ. ಕನ್ನಡ ಓದಲು ಬರದಿದ್ದರೂ ನಡೆಯುತ್ತದೆ.